ಬನ್ನಿಯ ಮುಳ್ಳು ಎಲ್ಲಿರುತ್ತದೆ?

ಬೀಳಗಿ ತಾಲೂಕಿನ ಚಿತ್ರಕಲಾ ಶಿಕ್ಷಕರೊಬ್ಬರ ಪತ್ರದ ಸಾರ: ‘ದಸರೆಗೆಂದು ನಮ್ಮ ಶಾಲೆಯ ಮಕ್ಕಳು ಲಿನೋ (ಕೆತ್ತಿ, ಮಸಿ ಹಚ್ಚಿ ಅಚ್ಚೊತ್ತುವ ಮೆತ್ತನೆಯ ಹಾಸು) ಕೆತ್ತಿ ಬನ್ನಿಯ ಅಚ್ಚು ತೆಗೆದರು. ಪ್ರೆಸ್ ಇಲ್ಲ, ಹೇಗೋ ಒತ್ತಿದೆವು. ನೋಡಿದ ಹಿರಿಯರೊಬ್ಬರು “ಇದು ಬನ್ನಿ ಅಲ್ಲೋ, ಬಳ್ಳಾರಿ ಜಾಲಿ” ಅಂದುಬಿಟ್ಟರು. ಚಿತ್ರಕ್ಕೆ ಇಷ್ಟೊಂದು ಸಸ್ಯಶಾಸ್ತ್ರ ಬೇಕೆ? ಅಚ್ಚು ಹಾಕಿದರೆ ಗಿಡ ಉಳಿಯುತ್ತದೆಯೆ?’

ಗುರುಗಳೇ,

ಆ ಹಿರಿಯರಿಗೆ ನನ್ನ ನಮಸ್ಕಾರ ತಿಳಿಸಿ. ಜಲವರ್ಣದಲ್ಲಾದರೆ ಹಸಿರು ಬಳಿದು ಪಾರಾಗಬಹುದಿತ್ತು. ಲಿನೋದಲ್ಲಿ ಕೆತ್ತಿ ತೆಗೆದದ್ದು ಬಿಳಿ, ಉಳಿಸಿದ್ದು ಕಪ್ಪು. ಒಂದೊಂದು ಮುಳ್ಳನ್ನೂ ನೋಡಿಯೇ ಉಳಿ ಆಡಿಸಬೇಕು. ಬನ್ನಿಯ ಮುಳ್ಳು ಗಿಡ್ಡ, ಬುಡ ಅಗಲ. ಗೆಣ್ಣು ಗೆಣ್ಣುಗಳ ನಡುವೆ ಟೊಂಗೆಯ ಮೇಲೆ ಬಿಡಿಬಿಡಿಯಾಗಿ ಎದ್ದಿರುತ್ತದೆ. ಬಳ್ಳಾರಿ ಜಾಲಿಯದು ಉದ್ದ. ಎಲೆ ಹೊರಡುವ ಗೆಣ್ಣಿನಲ್ಲೇ, ಹೆಚ್ಚಾಗಿ ಜೋಡಿಯಾಗಿ.

ಗುಣದಲ್ಲೂ ಎರಡೂ ಬೇರೆ. ಬನ್ನಿ ಈ ನೆಲದ್ದು. ಬೇರು ಆಳಕ್ಕಿಳಿಸಿ ಹೊಲದ ಬದುವಿನಲ್ಲಿ ಬೆಳೆಯ ಜೊತೆಗೇ ಬದುಕುತ್ತದೆ, ಸೊಪ್ಪು ಆಡು-ಕುರಿಗೆ ಮೇವು. ಬಳ್ಳಾರಿ ಜಾಲಿ 19ನೇ ಶತಮಾನದಲ್ಲಿ ಅಮೆರಿಕ ಖಂಡದಿಂದ ಬಂದದ್ದು. ಅದರ ಸೊಪ್ಪಿಗೆ ದನಕರು ಬಾಯಿ ಹಾಕುವುದು ಅಪರೂಪ. ಸಿಹಿ ಕಾಯಿ ಮಾತ್ರ ತಿಂದು, ಸಗಣಿ-ಹಿಕ್ಕೆಯಲ್ಲಿ ಬೀಜ ಹರಡುತ್ತವೆ. ಹಳ್ಳ, ಗಾಯರಾಣ (ಗೋಮಾಳ), ಕೆರೆಯಂಗಳ ತುಂಬಿದ್ದು ಹೀಗೆ. (ಒಲೆಗೆ ಅದನ್ನೇ ನಂಬಿದ ಮನೆಗಳೂ ಇವೆ, ಬೈಯುವಾಗ ಅದೂ ನೆನಪಿರಲಿ.) ಮಕ್ಕಳು ಕೆತ್ತಿದ್ದನ್ನು ಒಗೆಯಬೇಡಿ. ನಿಜದ ಬನ್ನಿಯದನ್ನೂ ಕೆತ್ತಿಸಿ, ಎರಡನ್ನೂ ಒಂದೇ ಹಾಳೆಯ ಮೇಲೆ ಒತ್ತಿಸಿ.

ಅಚ್ಚಿನಿಂದ ಗಿಡ ಉಳಿಯುತ್ತದೆಯೆ? ತಾನಾಗಿ ಉಳಿಯುವುದಿಲ್ಲ. ಆದರೆ ‘ಬನ್ನಿ ತಗೊಂಡು ಬಂಗಾರದಂಗ ಇರೂಣು’ ಎನ್ನಲು ಬೇಕಾದದ್ದು ನಾಲ್ಕು ಎಲೆ. ನಾವು ಕಡಿದು ತರುವುದು ಟೊಂಗೆಗಟ್ಟಲೆ, ಮರುದಿನ ಅದು ಗಟಾರದಲ್ಲಿ. ಅಂಗೈಯಗಲದ ಅಚ್ಚಿನ ಚೀಟಿಗೆ ಒಂದೇ ಎಲೆ ಅಂಟಿಸಿ ಮಕ್ಕಳು ಹಂಚಲಿ. ದೊಡ್ಡವರು ಒಪ್ಪುತ್ತಾರೋ ಇಲ್ಲವೋ, ಮೊದಲು ನಿಮ್ಮ ಓಣಿಯಲ್ಲೇ ನೋಡಿ.

ಪ್ರೆಸ್ ಬೇಕಿಲ್ಲ. ಮಸಿ ಹಚ್ಚಿದ ಲಿನೋ ಮೇಲೆ ತೆಳು ಹಾಳೆ ಹಾಸಿ ಚಮಚದ ಬೆನ್ನಿನಿಂದ ಒಂದೇ ಸಮನೆ ಉಜ್ಜಿದರಾಯಿತು. ಲಿನೋ ಬಿರುಸಾದರೆ ಸ್ವಲ್ಪ ಹೊತ್ತು ಬಿಸಿಲಿಗಿಡಿ, ಮೆತ್ತಗಾಗುತ್ತದೆ. ಇನ್ನೊಂದು ಕೈ ಯಾವತ್ತೂ ಉಳಿಯ ಹಿಂದೆಯೇ ಇರಲಿ. ಹೆಸರು ಕೆತ್ತುವುದಿದ್ದರೆ ತಿರುವುಮುರುವಾಗಿ ಕೆತ್ತಬೇಕೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಮುಂದಿನ ಸಲ ತಂಗಡಿ, ಬಾರಿಕಂಟಿ ಕೆತ್ತಿಸಿ. ಗಿಡ ಕಿತ್ತು ತರಗತಿಗೆ ತರುವುದು ಬೇಡ, ಮಕ್ಕಳನ್ನೇ ಗಿಡದ ಹತ್ತಿರ ಕೂರಿಸಿ ಬಿಡಿಸಿರಿ. ಬನ್ನಿಯ ಎರಡು ಪ್ರತಿ ನಮಗೂ ಕಳಿಸಿ. ಮರ ಯಾವ ಹೊಲದ ಬದುವಿನಲ್ಲಿದೆ ಎಂದು ಹಿಂಬದಿಯಲ್ಲಿ ಬರೆದಿರಲಿ.

– ಸಂಪಾದಕ