ಮೇಸ್ತ್ರಿಯ ಬಾಯಲ್ಲಿ ಬಂದ ಉತ್ತರ

ವಿರಾಜಪೇಟೆ ಕಡೆಯ ಆಪ್ತಸಮಾಲೋಚಕಿಯೊಬ್ಬರು ಬರೆದಿದ್ದಾರೆ: 'ಕಾಫಿ ತೋಟದ ಲೈನ್ ಮನೆಗಳಿಂದ ಬರುವ ಎರವ, ಕುರುಬ ಬುಡಕಟ್ಟಿನವರು, ಅಸ್ಸಾಮಿನ ಕಾರ್ಮಿಕರು ನನ್ನೆದುರು ಬಾಯಿ ಬಿಡುವುದೇ ಇಲ್ಲ. ಜೊತೆಗೆ ಬಂದ ತೋಟದ ಮೇಸ್ತ್ರಿಯೇ ಉತ್ತರ ಹೇಳುತ್ತಾರೆ. ಆಯಾ ಜನಾಂಗದ ಆಚಾರಗಳ ಪಟ್ಟಿಯೊಂದನ್ನು ಪ್ರಕಟಿಸುತ್ತೀರಾ?'

ಪಟ್ಟಿ ಬೇಡ ಮೇಡಂ. 'ಎರವರೆಂದರೆ ಹೀಗೆ' ಎಂದು ಬರೆದಿಟ್ಟುಕೊಂಡ ಮೇಲೆ ಎದುರಿಗಿದ್ದವರನ್ನು ಕೇಳುವುದು ನಿಂತುಹೋಗುತ್ತದೆ. ಎರವರಲ್ಲೇ ಪಣಿ ಎರವರ ಮಾತು ಬೇರೆ, ಪಂಜಿರಿ ಎರವರದು ಬೇರೆ. ಇನ್ನೊಬ್ಬರ ಸಂಸ್ಕೃತಿ ಕಲಿತು ಮುಗಿಸುವ ಪಾಠವಲ್ಲ ಎಂದು ಅಮೆರಿಕದ ಮೆಲನಿ ಟರ್ವಲಾನ್ ಮತ್ತು ಜಾನ್ ಮರ್ರೆ-ಗಾರ್ಸಿಯಾ 1998ರಲ್ಲೇ ವಾದಿಸಿದ್ದರು.

ಮೊದಲು ಮೇಸ್ತ್ರಿಯನ್ನು ಹೊರಗೆ ಕೂರಿಸಿ. ಮುಂಗಡ ಕೊಟ್ಟವರು, ಹಾಜರಿ ಹಾಕುವವರು ಅವರೇ ಆಗಿದ್ದರೆ ಕುಡಿತ, ಸಾಲ, ಹೊಡೆತದ ಮಾತು ಹೊರಡುವುದಾದರೂ ಹೇಗೆ? ಮಕ್ಕಳಿಂದಲೂ ಹೇಳಿಸಬೇಡಿ. ಸಾಯಬೇಕು ಅನಿಸಿದ್ದನ್ನು ಯಾವ ತಾಯಿಯೂ ಮಗಳ ಬಾಯಲ್ಲಿ ಆಡಿಸಲಾರಳು. ಅದೇ ಮಾತಿನ, ಆದರೆ ಬೇರೆ ಹಾಡಿಯ (ಬುಡಕಟ್ಟಿನವರ ಊರು) ಅಥವಾ ಬೇರೆ ತೋಟದ ಒಬ್ಬರನ್ನು ದುಭಾಷಿಯಾಗಿ ಹುಡುಕಿ. ಗುಟ್ಟು ಕಾಯಬೇಕೆಂದು ಮೊದಲೇ ಒಪ್ಪಿಸಿಕೊಳ್ಳಿ. ನೀವು ನೋಡಬೇಕಾದ್ದು ಬಂದವರ ಮುಖ, ದುಭಾಷಿಯದ್ದಲ್ಲ. ಒಂದು ಸಲಕ್ಕೆ ಎರಡೇ ವಾಕ್ಯ. ಅವರು ಐದು ನಿಮಿಷ ಮಾತಾಡಿ, ದುಭಾಷಿ 'ಏನೂ ಇಲ್ವಂತೆ' ಎಂದರೆ ಮತ್ತೆ ಕೇಳಿಸಿ.

ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿಯಾದ ಪಿಎಚ್‌ಕ್ಯೂ-9 ಬಳಸುತ್ತೀರಿ ಎಂದಿದ್ದೀರಿ. ಅದರಲ್ಲಿ ಎಡವುವುದು 'ಕಳೆದ ಎರಡು ವಾರ' ಎಂಬಲ್ಲಿ. 'ಹಿಂದಿನ ಸಂತೆಯ ಹಿಂದಿನ ಸಂತೆಯಿಂದ' ಎಂದು ಕೇಳಿ. ಮೇಜಿನ ಮೇಲೆ 14 ಕಾಫಿ ಬೀಜ ಇಟ್ಟು, ನಿದ್ದೆ ಬಾರದ ರಾತ್ರಿಗಳಷ್ಟನ್ನು ಈಚೆಗೆ ಸರಿಸಲು ಹೇಳಿ. ಏಳಕ್ಕಿಂತ ಹೆಚ್ಚು ಬಂದರೆ 2 ಅಂಕ, ಹೆಚ್ಚುಕಡಿಮೆ ಎಲ್ಲವೂ ಬಂದರೆ 3. 'ಖಿನ್ನತೆ' ಪುಸ್ತಕದ ಪದ. ಎದೆ ಭಾರವಾ, ಮೈ ಸೋತಂತಾ ಎಂದು ಕೇಳಿ. ಸಾವಿನ ಯೋಚನೆಯ ಒಂಬತ್ತನೇ ಪ್ರಶ್ನೆಯನ್ನು ದುಭಾಷಿ ಸಂಕೋಚದಿಂದ ನುಂಗಿಬಿಡುವುದುಂಟು, ಅಲ್ಲಿ ಬಿಗಿಯಾಗಿರಿ. ಅದಕ್ಕೆ 'ಹೂಂ' ಬಂದರೆ ಅಂದೇ ವೈದ್ಯರಿಗೆ ತೋರಿಸಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಯನ್ನೂ ಬರೆದುಕೊಡಿ. ಹಲವು ಭಾಷೆಗಳಲ್ಲಿ ದಿನವಿಡೀ ಸಿಗುತ್ತದೆ.

'ದೈವದ ಕಾಟ' ಎಂದರೆ ವಾದಕ್ಕಿಳಿಯಬೇಡಿ. ಮನೋವೈದ್ಯ ಆರ್ಥರ್ ಕ್ಲೈನ್‌ಮನ್ ಮತ್ತು ಸಂಗಡಿಗರು 1978ರಲ್ಲಿ ಮುಂದಿಟ್ಟ ಪ್ರಶ್ನೆಗಳು ಇಲ್ಲಿ ಒದಗುತ್ತವೆ: ಯಾಕೆ ಬಂತು ಅನಿಸುತ್ತದೆ, ಆಗಲೇ ಯಾಕೆ ಶುರುವಾಯಿತು, ಯಾವುದರ ಭಯ ಹೆಚ್ಚು? ಹರಕೆ ತೀರಿಸಲಿ, ಮಾತ್ರೆ ಬಿಡದಿದ್ದರೆ ಆಯಿತು.

ಇನ್ನೊಂದು: ಕಾಫಿ ಕುಯ್ಲಿನ ಕಾಲದಲ್ಲಿ ಬೆಳಿಗ್ಗೆ ಹತ್ತಕ್ಕೆ ಕರೆದರೆ ಒಂದು ದಿನದ ಕೂಲಿ ಹೋಯಿತು. ಎರಡನೇ ಸಲ ಬರದವರ ಫೈಲಿನಲ್ಲಿ 'ಸಹಕಾರವಿಲ್ಲ' ಎಂದು ಬರೆಯುವ ಮೊದಲು, ಸಂತೆಗೆ ಬರುವ ದಿನ ಸಮಯ ಕೊಟ್ಟು ನೋಡಿ.

– ಸಂ.