ನೀರಲ್ಲಿ ನಿಂತ ಭತ್ತ ಒಣಗುವುದು ಯಾಕೆ?

ಸಿಂಧನೂರು ಕಡೆಯ ಓದುಗರೊಬ್ಬರು ಬರೆದಿದ್ದಾರೆ: ‘ನಮ್ಮ ಹೊಲ ಸವಳು ಹಿಡಿದಿದೆ. ಗದ್ದೆ ತುಂಬಾ ಕಾಲುವೆ ನೀರಿದ್ದರೂ ಭತ್ತದ ಎಲೆ ತುದಿಯಿಂದ ಒಣಗುತ್ತಿದೆ. ಪಿಯುಸಿ ಓದುವ ಮಗಳು ಇದಕ್ಕೆಲ್ಲ ಜೀವಕೋಶದ ಪೊರೆ ಕಾರಣ ಅನ್ನುತ್ತಾಳೆ. ಪೊರೆ ಉಪ್ಪನ್ನು ತಡೆಯುತ್ತದೆ ಅಂದಮೇಲೆ ಬೆಳೆ ಸಾಯುವುದು ಯಾಕೆ?’

ಸಂಪಾದಕರ ಉತ್ತರ:

ಮಗಳು ಹೇಳಿದ್ದು ಸರಿ. ಪೊರೆ ಉಪ್ಪನ್ನು ತಡೆಯುತ್ತದೆ ಅನ್ನುವುದೂ ಸರಿ. ಹಾಗೆ ತಡೆಯುವುದರಿಂದಲೇ ಬೆಳೆಗೆ ಮೊದಲ ಪೆಟ್ಟು ಬೀಳುತ್ತದೆ.

ಪೊರೆಯ ದಪ್ಪ ಸುಮಾರು 7–8 ನ್ಯಾನೋಮೀಟರ್. ನೋಟ್‌ಬುಕ್ಕಿನ ಒಂದು ಹಾಳೆಯಷ್ಟು ದಪ್ಪವಾಗಲು ಇಂಥ ಹತ್ತು ಸಾವಿರ ಪೊರೆಗಳಾದರೂ ಬೇಕು! ಅದು ಕೊಬ್ಬಿನ ಎರಡು ಪದರ. ನೀರಿಗೆ ಹೊಂದುವ ತಲೆಗಳು ಎರಡೂ ಅಂಚಿಗೆ, ನೀರಿಗೆ ಸೇರದ ಬಾಲಗಳು ನಡುವೆ. ವಿಜ್ಞಾನಿಗಳಾದ ಗೋರ್ಟರ್ ಮತ್ತು ಗ್ರೆಂಡೆಲ್ 1925ರಲ್ಲೇ ಈ ಎರಡು ಪದರದ ಮಾತು ಹೇಳಿದ್ದರು. ಪದರ ಗಟ್ಟಿಯಾಗಿ ಕೂತಿಲ್ಲ, ಅದರಲ್ಲಿ ಪ್ರೋಟೀನುಗಳು ಸರಿದಾಡುತ್ತವೆ ಎಂಬ ಚಿತ್ರ ಕೊಟ್ಟವರು ಸಿಂಗರ್ ಮತ್ತು ನಿಕೋಲ್ಸನ್, 1972ರಲ್ಲಿ.

ನಿಮ್ಮ ಗದ್ದೆಯ ಕಥೆ ಇರುವುದು ಆ ಪ್ರೋಟೀನುಗಳಲ್ಲಿ. ಉಪ್ಪು ನೀರಲ್ಲಿ ಕರಗಿದಾಗ ಬಿಡಿಯಾಗುವ ಸೋಡಿಯಂ ಅಯಾನಿಗೆ (ಕಣಕ್ಕೆ) ವಿದ್ಯುದಂಶ ಇರುವುದರಿಂದ ಅದು ಕೊಬ್ಬನ್ನು ಸುಲಭವಾಗಿ ದಾಟಲಾರದು. ನೀರಿಗೆ ಮಾತ್ರ ಅಕ್ವಾಪೊರಿನ್ ಎಂಬ ಪ್ರೋಟೀನಿನ ದಾರಿ ಇದೆ. ಅದನ್ನು ಕಂಡುಹಿಡಿದ ಪೀಟರ್ ಆಗ್ರೆಗೆ 2003ರಲ್ಲಿ ನೊಬೆಲ್ ಬಂತು. ನಮ್ಮ ಕೆಂಪು ರಕ್ತಕಣದ ಒಂದೇ ಅಕ್ವಾಪೊರಿನ್ ಮೂಲಕ ಸೆಕೆಂಡಿಗೆ ಸುಮಾರು 300 ಕೋಟಿ ನೀರಿನ ಅಣುಗಳು ಹಾಯುತ್ತವೆ. ಭತ್ತದ ಬೇರಿನಲ್ಲೂ ಇದೇ ಕುಟುಂಬದ ಪ್ರೋಟೀನುಗಳಿವೆ.

ನೀರು ಉಪ್ಪು ಕಡಿಮೆ ಇರುವ ಕಡೆಯಿಂದ ಜಾಸ್ತಿ ಇರುವ ಕಡೆಗೆ ಹೋಗುತ್ತದೆ. ಮಣ್ಣಿನಲ್ಲಿ ಉಪ್ಪು ಏರಿದರೆ ಬೇರಿಗೆ ನೀರು ಸಿಗುವುದು ಕಷ್ಟ. ತೀರಾ ಏರಿದರೆ ಬೇರಿನ ನೀರೇ ಹೊರಗೆ ಹರಿಯುತ್ತದೆ. ಮಗಳು ಕಾಲೇಜಿನ ಲ್ಯಾಬಿನಲ್ಲಿ ಕೆಂಪು ಈರುಳ್ಳಿಯ ತೆಳು ಸಿಪ್ಪೆಗೆ ಉಪ್ಪುನೀರು ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಲಿ. ಕೋಶದೊಳಗಿನ ಬಣ್ಣ ಮುದುಡಿ ಗೋಡೆಯಿಂದ ದೂರ ಸರಿಯುವುದು ಕಾಣುತ್ತದೆ. ಬೇಗನೆ ಸಿಹಿನೀರು ಹಾಕಿದರೆ ಮತ್ತೆ ತುಂಬಿಕೊಳ್ಳುತ್ತದೆ.

ಎರಡನೇ ಪೆಟ್ಟು ನಿಧಾನದ್ದು. ಪೊಟ್ಯಾಸಿಯಂ ಅನ್ನು ಒಳಗೆ ಬಿಡುವ ಕೆಲವು ಪ್ರೋಟೀನುಗಳ ಮೂಲಕ ಸೋಡಿಯಂ ಕೂಡ ನುಸುಳುತ್ತದೆ. ಗಿಡ ಶಕ್ತಿ ಖರ್ಚು ಮಾಡಿ ಅದನ್ನು ಹೊರಗೆ ತಳ್ಳುತ್ತದೆ. ತಳ್ಳಲಾಗದೆ ಉಳಿದದ್ದು ನೀರಿನ ಜೊತೆ ಎಲೆಗೆ ಏರುತ್ತದೆ. ನೀರು ಆವಿಯಾಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ನೀವು ಕಂಡ ಒಣಗಿದ ತುದಿ ಇದೇ. ಸಸಿಯಾಗಿದ್ದಾಗ ಮತ್ತು ಹೂ ಬಿಡುವಾಗ ಭತ್ತಕ್ಕೆ ಇದರ ಕಾಟ ಜಾಸ್ತಿ.

ಹಾಗಂತ ಸುಮ್ನೆ ಇನ್ನಷ್ಟು ನೀರು ಕಟ್ಟಬೇಡಿ. ಬಸಿದು ಹೋಗಲು ದಾರಿ ಇಲ್ಲದಿದ್ದರೆ ಅಂತರ್ಜಲ ಮೇಲೆದ್ದು ಕೆಳಗಿನ ಉಪ್ಪನ್ನೂ ತರುತ್ತದೆ. ಬಸಿಗಾಲುವೆ ಮೊದಲು, ಆಮೇಲೆ ಸಿಹಿನೀರು ಹಾಯಿಸಿ ಉಪ್ಪು ತೊಳೆಯುವುದು. ಜಿಪ್ಸಂ ಎಲ್ಲ ಸವಳಿಗೂ ಮದ್ದಲ್ಲ. ಸೋಡಿಯಂ ಮಣ್ಣಿನ ಕಣಕ್ಕೇ ಅಂಟಿಕೊಂಡ ಕ್ಷಾರ ಭೂಮಿಗೆ ಅದು ಬೇಕು. ನಿಮ್ಮದು ಯಾವುದು ಅಂತ ಗೊತ್ತಾಗಲು ಮಣ್ಣು ಪರೀಕ್ಷೆ ಮಾಡಿಸಿ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ಸವಳು-ಜವಳು ಭೂಮಿಯ ಮೇಲೆಯೇ ಕೆಲಸ ಮಾಡುತ್ತಾರೆ. ಜಿಪ್ಸಂ ಚೀಲಕ್ಕೆ ದುಡ್ಡು ಹಾಕುವ ಮೊದಲು ಅವರನ್ನು ಕೇಳಿ.