ಯುದ್ಧದ ಖರ್ಚು ಯಾರ ತಲೆಗೆ?

ಪ್ರಶ್ನೆ: ಯುದ್ಧಕ್ಕೆಂದು ತೆರಿಗೆ ಹಾಕಿದರೂ ಜನರ ದುಡ್ಡು, ನೋಟು ಅಚ್ಚು ಹಾಕಿದರೂ ಹೊರೆ ಜನರ ಮೇಲೇ. ಹಾಗಿದ್ದ ಮೇಲೆ ವ್ಯತ್ಯಾಸ ಏನು?
– ಓದುಗರೊಬ್ಬರು, ಹಾಸನ

ಉತ್ತರ: ಹೊರೆ ಜನರ ಮೇಲೇ, ನಿಜ. ಆದರೆ ಯಾವ ಜನರ ಮೇಲೆ ಅನ್ನುವುದೇ ಪ್ರಶ್ನೆ. ಎರಡನೇ ಮಹಾಯುದ್ಧದಲ್ಲಿ ಲಂಡನ್ ಸರ್ಕಾರ ತನ್ನ ನೆಲದಲ್ಲಿ ಒಂದು ದಾರಿ ಹಿಡಿಯಿತು, ಭಾರತದಲ್ಲಿ ಇನ್ನೊಂದು.

1940ರಲ್ಲಿ ಅರ್ಥಶಾಸ್ತ್ರಜ್ಞ ಕೇನ್ಸ್ ಬ್ರಿಟನ್ನಿನ ಮುಂದಿಟ್ಟ ಲೆಕ್ಕ ಇದು: ಕಾರ್ಖಾನೆಗಳು ಹಗಲೂ ರಾತ್ರಿ ನಡೆದಾಗ ಕೂಲಿಯ ಹಣ ಹೆಚ್ಚುತ್ತದೆ, ಅಂಗಡಿಯ ಸಾಮಾನು ಹೆಚ್ಚುವುದಿಲ್ಲ. ಸುಮ್ಮನಿದ್ದರೆ ಬೆಲೆ ಏರಿ, ಆ ಹಣ ಲಾಭಕೋರರ ಕೈ ಸೇರುತ್ತದೆ. ಅದಕ್ಕೆ ಸಂಬಳದ ಒಂದು ಪಾಲನ್ನು ಹಿಡಿದಿಟ್ಟು ಯುದ್ಧ ಮುಗಿದ ಮೇಲೆ ಕೊಡಿ, ಬಡವರನ್ನು ಬಿಟ್ಟುಬಿಡಿ, ಮಕ್ಕಳಿರುವ ಮನೆಗೆ ಭತ್ಯೆ ಕೊಡಿ ಅಂದರು. ಸರ್ಕಾರ ಇದನ್ನು ಪೂರ್ತಿ ಒಪ್ಪಲಿಲ್ಲ. ಆದರೂ 1941ರ ಬಜೆಟ್ಟಿನಲ್ಲಿ ಆದಾಯ ತೆರಿಗೆ ಪೌಂಡಿಗೆ 10 ಶಿಲಿಂಗ್, ಅಂದರೆ ಅರ್ಧಕ್ಕೆ, ಏರಿತು. ಯುದ್ಧದಿಂದ ಬಂದ ಹೆಚ್ಚುವರಿ ಲಾಭಕ್ಕೆ ಆಗಲೇ ಶೇ. 100ರ ತೆರಿಗೆ ಬಿದ್ದಿತ್ತು. ಜೊತೆಗೆ ಬೆಣ್ಣೆ, ಸಕ್ಕರೆಗಳಿಗೆ ರೇಷನ್, ಆಹಾರಕ್ಕೆ ಸಬ್ಸಿಡಿ. ಕೆಟ್ಟದ್ದೂ ಒಂದಿತ್ತು: ತೆರಿಗೆಯ ಒಂದು ಪಾಲನ್ನು ಯುದ್ಧದ ನಂತರ ಮರಳಿಸುವುದಾಗಿ ಹೇಳಿ ಹಿಡಿದಿಟ್ಟಿದ್ದರು; ಆ ಹಣ ಪೂರ್ತಿ ವಾಪಸಾಗಲು 1970ರ ದಶಕವೇ ಬಂತು. ಅಷ್ಟರಲ್ಲಿ ಅದರ ಬೆಲೆ ಕರಗಿತ್ತು.

ಭಾರತದಲ್ಲಿ? ಭಾರತ ಸರ್ಕಾರದ ಜೊತೆ 1939ರ ನವೆಂಬರಿನಲ್ಲಿ ಆದ ಒಪ್ಪಂದದಂತೆ ಬ್ರಿಟನ್, ಇಲ್ಲಿ ಆದ ಯುದ್ಧದ ಖರ್ಚಿನಲ್ಲಿ ತನ್ನ ಪಾಲನ್ನು ಲಂಡನ್ನಿನಲ್ಲಿ ಸ್ಟರ್ಲಿಂಗ್ (ಬ್ರಿಟನ್ನಿನ ಪೌಂಡ್) ಆಗಿ ಜಮೆ ಮಾಡಿತು. ಆ ಜಮೆಯ ಆಧಾರದ ಮೇಲೆ ರಿಸರ್ವ್ ಬ್ಯಾಂಕ್ ಇಲ್ಲಿ ನೋಟು ಹೊರಡಿಸಿತು. ಬಟ್ಟೆ, ಧಾನ್ಯ ಸೈನ್ಯಕ್ಕೆ ಹೋದವು. ನೋಟು ಊರಲ್ಲಿ ಉಳಿಯಿತು. ಯುದ್ಧ ಮುಗಿಯುವ ಹೊತ್ತಿಗೆ ಚಲಾವಣೆಯ ನೋಟು ಐದು ಪಟ್ಟಿಗೂ ಮೀರಿತ್ತು.

ಬಂಗಾಳವನ್ನು ನೋಡಿ. ಬರ್ಮಾ ಜಪಾನಿನ ಕೈಗೆ ಹೋಗಿ ಅಲ್ಲಿಯ ಅಕ್ಕಿ ನಿಂತಿತ್ತು, ಸೈನ್ಯ ಕರಾವಳಿಯ ದೋಣಿಗಳನ್ನು ಕಿತ್ತುಕೊಂಡಿತ್ತು, 1942ರ ಅಕ್ಟೋಬರಿನಲ್ಲಿ ಚಂಡಮಾರುತವೂ ಬಡಿದಿತ್ತು. ಇದರ ಮೇಲೆ ನೋಟಿನ ಹೊಳೆ. ಕಲ್ಕತ್ತೆಯ ಸಗಟು ಮಾರುಕಟ್ಟೆಯಲ್ಲಿ 1942ರ ಡಿಸೆಂಬರಿನಲ್ಲಿ ಮಣಕ್ಕೆ (ಸುಮಾರು 37 ಕಿಲೊ) 13–14 ರೂಪಾಯಿ ಇದ್ದ ಅಕ್ಕಿ, ಮುಂದಿನ ಆಗಸ್ಟಿಗೆ 37 ರೂಪಾಯಿ. ನಗರದ ಕಾರ್ಖಾನೆ ಕಾರ್ಮಿಕರಿಗೆ ಅಗ್ಗದ ಧಾನ್ಯ ಸಿಕ್ಕಿತು. ಕೂಲಿ ಏರದ ಭೂರಹಿತರು, ದೋಣಿ ಕಳೆದುಕೊಂಡ ಬೆಸ್ತರು ಸತ್ತರು. ಸರ್ಕಾರಿ ಆಯೋಗದ ಅಂದಾಜು 15 ಲಕ್ಷ; ನಂತರದ ಸಂಶೋಧಕರದು ಸುಮಾರು 20ರಿಂದ 30 ಲಕ್ಷ. ಬರೀ ಅಕ್ಕಿಯ ಕೊರತೆಯಲ್ಲ, ಕೊಳ್ಳುವ ಶಕ್ತಿ ಕುಸಿದದ್ದೇ ಮುಖ್ಯ ಕಾರಣವೆಂದು ಅಮರ್ತ್ಯ ಸೇನ್ 1981ರಲ್ಲಿ ವಾದಿಸಿದರು. ಬೆಳೆಯ ಲೆಕ್ಕದ ಬಗ್ಗೆ ತಕರಾರು ಇನ್ನೂ ಇದೆ, ಆದರೆ ಸತ್ತವರು ಯಾರು ಎಂಬುದರಲ್ಲಿ ಇಲ್ಲ.

ಬ್ರಿಟನ್ನಿನ ತೆರಿಗೆಗೆ ಪಾರ್ಲಿಮೆಂಟಿನಲ್ಲಿ ಚರ್ಚೆ, ಮತದಾನ ನಡೆಯಿತು. ಯಾರು ಎಷ್ಟು ಕೊಡಬೇಕೆಂದು ಪಟ್ಟಿ ಇತ್ತು. ಬಂಗಾಳದ ಕೂಲಿಯವನ ಮೇಲೆ ಬಿದ್ದ ಹೊರೆಗೆ ಯಾರೂ ಕೈ ಎತ್ತಲಿಲ್ಲ, ರಸೀದಿಯೂ ಇಲ್ಲ. ನನ್ನ ಮಟ್ಟಿಗೆ ಅದು ಆರ್ಥಿಕ ನೀತಿಗಿಂತ ಮೊದಲು ನ್ಯಾಯದ ಪ್ರಶ್ನೆ.

ಪ್ರಶ್ನೆ: ಸಾಲ ಮಾಡಿ ಯುದ್ಧ ಮಾಡುವುದನ್ನು ತತ್ವಜ್ಞಾನಿಗಳು ವಿರೋಧಿಸಿದ್ದುಂಟೆ?
– ಓದುಗರೊಬ್ಬರು, ಧಾರವಾಡ

ಉತ್ತರ: ಉಂಟು. ಆ ವರ್ಷದ ಯುದ್ಧಕ್ಕೆ ಆ ವರ್ಷವೇ ತೆರಿಗೆ ತೆರುವಂತಿದ್ದರೆ ಯುದ್ಧಗಳು ಬೇಗ ಮುಗಿಯುತ್ತವೆ ಎಂದು ಆಡಮ್ ಸ್ಮಿತ್ 1776ರಲ್ಲೇ ಬರೆದರು. ಜರ್ಮನ್ ತತ್ವಜ್ಞಾನಿ ಕಾಂಟ್ 1795ರಲ್ಲಿ, ಹೊರಗಿನ ಜಗಳಗಳಿಗಾಗಿ ರಾಜ್ಯ ಸಾಲ ಎತ್ತಲೇಬಾರದು ಎಂಬುದನ್ನು ಶಾಶ್ವತ ಶಾಂತಿಯ ಷರತ್ತುಗಳಲ್ಲೊಂದಾಗಿ ಇಟ್ಟರು. ಆದರೆ ದಂಡೆತ್ತಿ ಬಂದವನನ್ನು ತಡೆಯಬೇಕಾದ ಬಡ ದೇಶಕ್ಕೆ ಒಂದೇ ವರ್ಷದ ತೆರಿಗೆ ಸಾಲದು. ಅಲ್ಲಿ ಸಾಲ ಅನಿವಾರ್ಯ.